ರೋಗಾಣು ನೀರಿನಲ್ಲಷ್ಟೇ ಅಲ್ಲ, ಮೀನಿನೊಳಗೂ ಇದೆ

ಪ್ರಶ್ನೆ: ನಮ್ಮ ಹೊಂಡದಲ್ಲಿ ಪಂಗಾಸಿಯಸ್ ಮೀನು ಸಾಯ್ತಿದ್ದವು. ಲ್ಯಾಬ್‌ನಲ್ಲಿ ಎಡ್ವರ್ಡ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಅಂದರು. ಅಂಗಡಿಯವರು ಕೊಟ್ಟ ಆಂಟಿಬಯೋಟಿಕ್ ನೀರಿಗೆ ಸುರಿದೆ. ಎಂಟು ದಿನ ನಿಂತಿತು, ಮತ್ತೆ ಶುರುವಾಗಿದೆ. ಡೋಸ್ ಜಾಸ್ತಿ ಮಾಡಲಾ?

ಉತ್ತರ: ಬೇಡ. ಈ ತಿಂಗಳಲ್ಲಿ ಇದೇ ಪ್ರಶ್ನೆ ನಾಲ್ಕನೇ ಸಲ ಬಂದಿದೆ, ಹಾಗಾಗಿ ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ.

ಈಗಷ್ಟೇ ಸತ್ತ ಮೀನೊಂದನ್ನು ಸೀಳಿ ನೋಡಿ. ಬೆನ್ನುಮೂಳೆಗೆ ಅಂಟಿದ ಕಡುಗೆಂಪು ಮೂತ್ರಪಿಂಡದ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಕಾಣಬಹುದು. ರೋಗಾಣು ಬೀಡುಬಿಟ್ಟಿರುವುದು ಅಲ್ಲಿ. ನೀವು ಔಷಧಿ ಸುರಿದದ್ದು ನೀರಿಗೆ.

ರೋಗಾಣು ಮೀನಿನೊಳಗೆ ನುಗ್ಗಿದರೆ ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣ ಅದನ್ನು ನುಂಗುತ್ತದೆ. ಒಂದು ಪುಟ್ಟ ಚೀಲದಲ್ಲಿ ಕೂಡಿಹಾಕಿ ಹೈಡ್ರೋಜನ್ ಪೆರಾಕ್ಸೈಡ್‌ನಂಥ ವಿಷ ಬಿಡುತ್ತದೆ, ಹುಳಿ (ಆಮ್ಲ) ಏರಿಸುತ್ತದೆ. ಎಷ್ಟೋ ಬ್ಯಾಕ್ಟೀರಿಯಾಗಳ ಕಥೆ ಅಲ್ಲಿಗೇ ಮುಗಿಯುತ್ತದೆ. ಎಡ್ವರ್ಡ್ಸಿಯೆಲ್ಲಾ ಮಾತ್ರ ಕ್ಯಾಟಲೇಸ್ ಎಂಬ ಕಿಣ್ವದಿಂದ ಪೆರಾಕ್ಸೈಡನ್ನು ಒಡೆದು ಹಾಕುತ್ತದೆ. ಅಮೆರಿಕದ ಕ್ಯಾಟ್‌ಫಿಶ್‌ಗಳನ್ನು ಕಾಡುವ, ಇದರದೇ ಇಕ್ಟಲೂರಿ ಎಂಬ ಜಾತಿ ಇನ್ನೂ ಕಿಲಾಡಿ. ಯೂರಿಯಾ ಒಡೆದು ಅಮೋನಿಯಾ ಮಾಡಿಕೊಂಡು ಹುಳಿಯನ್ನು ತಗ್ಗಿಸುತ್ತದೆ. ತಮಾಷೆ ಅಂದ್ರೆ, ಕೊಲ್ಲೋಕೆ ಬಿಟ್ಟ ಆ ಹುಳಿಯೇ ಅದನ್ನು ಎಬ್ಬಿಸುವ ಗಂಟೆ. ಹುಳಿ ತಾಗುತ್ತಿದ್ದಂತೆ ಸೂಜಿಯಂಥ ಅಂಗ ಬೆಳೆಸಿ, ಅದರ ಮೂಲಕ ರಕ್ತಕಣದೊಳಗೆ ತನ್ನ ಪ್ರೋಟೀನ್ ಚುಚ್ಚುತ್ತದೆ. ಕಾವಲುಗಾರನ ಮನೆಯಲ್ಲೇ ಕಳ್ಳ ಸಂಸಾರ ಹೂಡಿದ ಹಾಗೆ, ಅಲ್ಲೇ ಇದ್ದು ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ.

ಅಂದಮೇಲೆ ಎಂಟು ದಿನ ಸಾವು ನಿಂತದ್ದಕ್ಕೆ ರೋಗ ಹೋಯಿತು ಅಂತ ಅರ್ಥವಲ್ಲ. ಬದುಕಿದ ಮೀನುಗಳಲ್ಲೂ ಅದು ಉಳಿದಿರಬಹುದು. ನೀವು ಬಲೆ ಎಳೆದಾಗ, ಮರಿ ಒತ್ತೊತ್ತಾಗಿ ಬಿಟ್ಟಾಗ, ಬೆಳಗಿನ ಜಾವ ಆಮ್ಲಜನಕ ಕುಸಿದಾಗ ಮೀನಿನ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ, ರೋಗನಿರೋಧಕ ಶಕ್ತಿ ಸೊರಗುತ್ತದೆ. ಒಳಗೆ ಕೂತಿದ್ದಕ್ಕೆ ಅಷ್ಟೇ ಸಾಕು. ಪಂಗಾಸಿಯಸ್ ಮೇಲೆ ಬಂದು ಗಾಳಿ ಕುಡಿಯುತ್ತೆ, ಏನೂ ಆಗಲ್ಲ ಅಂತ ಸಮಾಧಾನ ಹೇಳಿಕೊಳ್ಳಬೇಡಿ.

ಔಷಧಿ ಕೊಡುವುದೇ ಆದರೆ ಯಾವುದು ಕೆಲಸ ಮಾಡುತ್ತೆ ಅಂತ ಲ್ಯಾಬ್‌ನಲ್ಲಿ ನೋಡಿಸಿ, ತಜ್ಞರು ಬರೆದುಕೊಟ್ಟ ಮೇಲೆ ಫೀಡ್‌ನಲ್ಲಿ ಕೊಡಿ. ಅದೂ ಬೇಗ. ಕಾಯಿಲೆ ಜೋರಾದ ಮೀನು ಮೇವು ಮುಟ್ಟುವುದಿಲ್ಲ, ಔಷಧಿ ಆರೋಗ್ಯವಾಗಿರುವ ಮೀನಿನ ಹೊಟ್ಟೆಗೇ ಹೋಗುತ್ತದೆ. ಸತ್ತದ್ದನ್ನು ದಿನಾ ತೆಗೆದು ಸುಣ್ಣ ಹಾಕಿ ಹೂಳಿ. ಹೊಂಡದ ದಡದಲ್ಲಿ ಬಿಸಾಡಿ ಕಾಗೆಗೆ ಹಬ್ಬ ಮಾಡುವವರನ್ನು ನೋಡಿ ಸಾಕಾಗಿದೆ.

ಒಬ್ಬರು ಲೇಬಲ್ಲೇ ಇಲ್ಲದ ಪ್ಯಾಕೆಟ್ ತಂದು ತೋರಿಸಿದ್ದರು, ‘ಎಲ್ಲ ರೋಗಕ್ಕೂ ಆಗುತ್ತಂತೆ ಸಾರ್’ ಅಂತ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ಎಂಬ ಆಂಟಿಬಯೋಟಿಕ್‌ಗಳಿಗೆ ನಮ್ಮಲ್ಲಿ ಮೀನು ಸಾಕಣೆಯಲ್ಲಿ ನಿಷೇಧವಿದೆ. ಹೆಸರಿಲ್ಲದ ಪುಡಿಯಲ್ಲಿ ಏನಿದೆ ಅಂತ ಯಾರಿಗೆ ಗೊತ್ತು?

ಪ್ರಶ್ನೆ: ಅರಿಶಿನ, ಬೇವಿನ ಸೊಪ್ಪು ಹಾಕಿದರೆ?

ಉತ್ತರ: ಅಡುಗೆಗೂ ಹಿತ್ತಿಲಿಗೂ ಒಳ್ಳೆಯದು.

ಪ್ರಶ್ನೆ: ಕೋಳಿ ಅಂಗಡಿಯ ಕರುಳು, ಪುಕ್ಕ ಮೇವಾಗಿ ಹಾಕಬಹುದಾ?

ಉತ್ತರ: ಹಾಕಬಾರದು. ಮುಂದಿನ ವಾರ ಇದನ್ನೇ ಮತ್ತೆ ಕೇಳಬೇಡಿ.

ಪ್ರಶ್ನೆ: ಈ ರೋಗ ಮನುಷ್ಯರಿಗೆ ಬರುತ್ತಾ?

ಉತ್ತರ: ಎಡ್ವರ್ಡ್ಸಿಯೆಲ್ಲಾದ ಟಾರ್ಡಾ ಎಂಬ ಜಾತಿಯಿಂದ ಅಪರೂಪಕ್ಕೆ ಬರುತ್ತೆ: ಭೇದಿ, ಇಲ್ಲವೇ ಗಾಯಕ್ಕೆ ಸೋಂಕು. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಇಲ್ಲದೆ ಸತ್ತ ಮೀನು ಮುಟ್ಟಬೇಡಿ. ಒಮ್ಮೆ ಮುಳ್ಳು ಚುಚ್ಚಿಸಿಕೊಂಡ ಮೇಲೆ ನಾನಂತೂ ಗ್ಲೌಸ್ ಬಿಟ್ಟಿಲ್ಲ.