ಹಾಲೂಡಿಸುವಾಗ ಕಿಬ್ಬೊಟ್ಟೆ ನೋವು
ಎರಡನೇ ಹೆರಿಗೆಯಾಗಿ 3 ದಿನ, ಮಗು ಮೊಲೆ ಹಿಡಿದ ಕೂಡಲೇ ಕಿಬ್ಬೊಟ್ಟೆ ಹಿಂಡಿದಂತಾಗುತ್ತೆ, ಚೊಚ್ಚಲಲ್ಲಿ ಇಷ್ಟಿರಲಿಲ್ಲ ಅಂದಿದ್ದೀರಿ. ಗಾಬರಿಯಾಗಬೇಡಿ, ಅದು ಆಕ್ಸಿಟೋಸಿನ್ ಕೆಲಸ. ಮಗು ಚೀಪಿದಾಗ ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಯಿಂದ ಹೊರಬರುವ ಈ ಹಾರ್ಮೋನು ಹಾಲು ಇಳಿಸುತ್ತೆ, ಜೊತೆಗೇ ಗರ್ಭಕೋಶವನ್ನೂ ಬಿಗಿಯುತ್ತೆ. ಮಾಸು ಬಿಟ್ಟ ಜಾಗದ ರಕ್ತನಾಳಗಳು ಹಾಗೆ ಅದುಮಿಕೊಂಡರೇನೇ ರಕ್ತಸ್ರಾವ ಹಿಡಿತಕ್ಕೆ ಬರೋದು. ಒಮ್ಮೆ ಹಿಗ್ಗಿದ ಗರ್ಭಕೋಶ ಎರಡನೇ ಸಲ ಒಂದೇ ಸಮ ಬಿಗಿದು ನಿಲ್ಲೋದಿಲ್ಲ, ಬಿಟ್ಟುಬಿಟ್ಟು ಹಿಂಡುತ್ತೆ. ನೋವು ಜಾಸ್ತಿ ಆಗೋದು ಅದಕ್ಕೇ. ಸಾಮಾನ್ಯವಾಗಿ ವಾರದೊಳಗೆ ತಗ್ಗುತ್ತೆ.

ಹಾಲೂಡಿಸೋ ಮುಂಚೆ ಮೂತ್ರ ಮಾಡಿ ಬನ್ನಿ, ತುಂಬಿದ ಮೂತ್ರಕೋಶವೂ ನೋವು ಹೆಚ್ಚಿಸುತ್ತೆ. ಗಂಟೆಗೊಂದು ಪ್ಯಾಡ್ ತೋಯ್ದರೆ, ಜ್ವರ ಬಂದರೆ, ಸ್ರಾವ ಕೆಟ್ಟ ವಾಸನೆ ಬಂದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.