ಏಳು ಜನರ ತಂಡಕ್ಕೆ ಬೆಲ್ ಕರ್ವ್ ಹೇರಿದರೆ...

ಪ್ರಶ್ನೆ: ನನ್ನ ತಂಡದಲ್ಲಿ 7 ಜನ, ಎಲ್ಲರೂ ಚೆನ್ನಾಗಿ ಕೆಲಸ ಮಾಡಿದ್ದಾರೆ. ಆದರೂ ಬೆಲ್ ಕರ್ವ್ (ಯಾವ ರೇಟಿಂಗ್ ಎಷ್ಟು ಶೇಕಡಾ ಜನರಿಗೆ ಎಂದು ಮೊದಲೇ ನಿಗದಿಪಡಿಸುವ ಪದ್ಧತಿ) ಪ್ರಕಾರ 10% ಜನರಿಗೆ ಕೆಳಗಿನ ರೇಟಿಂಗ್ ಕೊಡಲೇಬೇಕು ಎನ್ನುತ್ತಾರೆ ಎಚ್‌ಆರ್‌ನವರು. ಯಾರಿಗೆ ಕೊಡಲಿ?

ಪ್ರತಿ ಮಾರ್ಚ್‌ನಲ್ಲೂ ಇದೇ ಪ್ರಶ್ನೆ. ಎಲ್ಲರೂ ಕೇಳುವುದು 'ಯಾರಿಗೆ' ಎಂದು, 'ಯಾಕೆ' ಎಂದಲ್ಲ. ಏಳರಲ್ಲಿ 10% ಅಂದರೆ 0.7. ಮುಕ್ಕಾಲು ಮನುಷ್ಯನನ್ನು ಎಲ್ಲಿಂದ ತರುತ್ತೀರಿ? ಕಂಪನಿಯಲ್ಲಿ ನಿಜಕ್ಕೂ 10% ಜನ ಹಿಂದುಳಿದಿದ್ದಾರೆ ಎಂದೇ ಇಟ್ಟುಕೊಳ್ಳಿ. ಕಣ್ಣುಮುಚ್ಚಿ ಆರಿಸಿದ 7 ಜನರಲ್ಲಿ ಅಂಥವರು ಒಬ್ಬರೂ ಇಲ್ಲದಿರುವ ಸಾಧ್ಯತೆ 0.9ರ ಏಳನೇ ಘಾತ, ಅಂದರೆ ಸುಮಾರು 48%. ಹೆಚ್ಚುಕಮ್ಮಿ ಅರ್ಧದಷ್ಟು ತಂಡಗಳಲ್ಲಿ ಹರಕೆಯ ಕುರಿ ಹುಡುಕಬೇಕಾಗುತ್ತದೆ. ಈ ಲೆಕ್ಕವನ್ನು ಎಚ್‌ಆರ್ ಮುಂದಿಡಿ, ಅನುಪಾತವನ್ನು ನೂರಿನ್ನೂರು ಜನರಿರುವ ಇಡೀ ವಿಭಾಗಕ್ಕೆ ಅನ್ವಯಿಸಲು ಕೇಳಿ. ಮೈಕ್ರೋಸಾಫ್ಟ್ 2013ರಲ್ಲೇ ಈ ಪದ್ಧತಿ ಕೈಬಿಟ್ಟಿತು ಎಂದೂ ಹೇಳಬಹುದು, ಆದರೆ ಅದರಿಂದ ಯಾರ ರೇಟಿಂಗೂ ಬದಲಾಗದು.

ಬದಲಾಗುವುದು ದಾಖಲೆಯಿಂದ. ಮ್ಯಾನೇಜರ್‌ಗಳೆಲ್ಲ ಕುಳಿತು ರೇಟಿಂಗ್‌ಗಳನ್ನು ಹೋಲಿಸಿ ಅಂತಿಮಗೊಳಿಸುವ ಕ್ಯಾಲಿಬ್ರೇಷನ್ ಸಭೆಯಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. 'ತುಂಬಾ ಶ್ರಮಜೀವಿ' ಎಂದಿರೋ, ಸೋತಿರಿ. ತಲೆಗೆ ಅರ್ಧ ಪುಟದಂತೆ ಮೂರು ಘಟನೆ ಬರೆದುಕೊಂಡು ಹೋಗಿ: ತಾರೀಕು, ಒಪ್ಪಿಕೊಂಡದ್ದು, ಆದದ್ದು, ಅದರಿಂದ ಯಾರಿಗೇನಾಯಿತು. ಒಂದಾದರೂ ಆರ್ಥಿಕ ವರ್ಷದ ಮೊದಲ ಆರು ತಿಂಗಳಿನದಿರಲಿ. ಇಲ್ಲದಿದ್ದರೆ ಫೆಬ್ರವರಿಯ ಒಂದು ಎಡವಟ್ಟು ಉಳಿದ ಹನ್ನೊಂದು ತಿಂಗಳನ್ನು ನುಂಗುತ್ತದೆ. ಮಾರ್ಚ್‌ನಲ್ಲಿ ಕುಳಿತು ನೆನಪಿಸಿಕೊಳ್ಳುತ್ತೇನೆ ಎನ್ನಬೇಡಿ, ಆಗದು. ತಿಂಗಳ ಕೊನೆಗೆ ಒಬ್ಬರಿಗೆ ಐದು ನಿಮಿಷ ಕೊಟ್ಟು ಬರೆದಿಡಿ.

ಇಷ್ಟಾದರೂ ಒಂದು ಹೆಸರು ಬೇಕೇ ಬೇಕು ಎಂದರೆ ಹೆರಿಗೆ ರಜೆಯಲ್ಲಿದ್ದವರನ್ನು ತಳ್ಳಿ ಕೈತೊಳೆದುಕೊಳ್ಳಬೇಡಿ. ಅವರನ್ನು ಅಳೆಯಬೇಕಾದದ್ದು ಕೆಲಸ ಮಾಡಿದ ತಿಂಗಳುಗಳ ಗುರಿಗೆ ಮಾತ್ರ. 'ಈ ಸಲ ನೀನು, ಮುಂದಿನ ಸಲ ಅವನು' ಎಂಬ ಸರದಿ ಇನ್ನೂ ಕೆಟ್ಟದ್ದು. ಅದು ಸರದಿ ಎಂದು ಕಡತದಲ್ಲಿ ಬರೆದಿರುವುದಿಲ್ಲ, ಬಡ್ತಿಯ ಹೊತ್ತಿಗೆ ಕಾಣುವುದು ಕಳಪೆ ರೇಟಿಂಗ್ ಒಂದೇ. ನಿಮ್ಮ ಅಸಮ್ಮತಿಯನ್ನು ಇಮೇಲ್‌ನಲ್ಲಿ ದಾಖಲಿಸಿ, ಬಾಯಿಮಾತು ಬೇಡ.

ಪ್ರಶ್ನೆ: ಸೆಲ್ಫ್ ಅಪ್ರೈಸಲ್‌ನಲ್ಲಿ (ನಮ್ಮ ಕೆಲಸಕ್ಕೆ ನಾವೇ ಅಂಕ ಕೊಡುವ ಫಾರಂ) ಎಲ್ಲಕ್ಕೂ 5 ಹಾಕಿಕೊಳ್ಳಬಹುದೇ?

ಹಾಕಿಕೊಳ್ಳಿ, ಆದರೆ ಪುರಾವೆ ಬರೆಯುವ ಪಕ್ಕದ ಕಾಲಂ ಖಾಲಿ ಬಿಟ್ಟರೆ ಎಲ್ಲಕ್ಕೂ 3 ಬರುತ್ತದೆ.

ಪ್ರಶ್ನೆ: ಕೈಬರಹ ನೋಡಿ ನೌಕರರ ಸಾಮರ್ಥ್ಯ ಅಳೆಯುವ ಸಲಹೆಗಾರರೊಬ್ಬರು ಬಂದಿದ್ದಾರೆ...

ಚಹಾ ಕೊಟ್ಟು ಕಳುಹಿಸಿ. ಚೆಕ್ ಕೊಡಬೇಡಿ.

ಪ್ರಶ್ನೆ: ನಾನು ಸರ್ಕಾರಿ ನೌಕರ. ನನ್ನ ಕೆಲಸದ ವಾರ್ಷಿಕ ವರದಿಯಲ್ಲಿ 'ಉತ್ತಮ' ಎಂದಿದೆಯಂತೆ. ಪ್ರತಿಕೂಲವಲ್ಲ, ಹಾಗಾಗಿ ನನಗೆ ತಿಳಿಸಬೇಕಿಲ್ಲ ಎನ್ನುತ್ತಾರೆ ಕಚೇರಿಯವರು.

ತಪ್ಪು. ಬಡ್ತಿಗೆ 'ಅತ್ಯುತ್ತಮ' ಬೇಕಿದ್ದಾಗ 'ಉತ್ತಮ'ವೂ ಹೊಡೆತವೇ. ಪ್ರತಿಯೊಂದು ನಮೂದನ್ನೂ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಹೇಳಿದೆ. ಅದನ್ನು ಉಲ್ಲೇಖಿಸಿ ಅರ್ಜಿ ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.