ಪಂದ್ಯದ ಕೊನೆಯಲ್ಲಿ ಕುಂಟುವ ಟೆನಿಸ್ ಆಟಗಾರ ಮರುಕ್ಷಣವೇ ಜೋರಾಗಿ ಹೊಡೆದರೆ, ಅದು ನಾಟಕವೇ?

ಹೆಚ್ಚಿನ ಸಲ ಅಲ್ಲ. ಸ್ನಾಯು ಸೆಳೆತ ಬಂದು ಹೋಗುವಂಥದ್ದು. ಒಂದು ಪಾಯಿಂಟ್‌ನಲ್ಲಿ ಮೀನಖಂಡ ಕಲ್ಲಿನ ಹಾಗೆ ಬಿಗಿಯುತ್ತದೆ, ಮುಂದಿನದರಲ್ಲಿ ಸಡಿಲಾಗುತ್ತದೆ. ಓಡಲು ಆಗದವನು ಚೆಂಡನ್ನು ಅತ್ತಿತ್ತ ಆಡಿಸುತ್ತಾ ರ್‍ಯಾಲಿ ಬೆಳೆಸುವುದಿಲ್ಲ, ಸಿಕ್ಕ ಚೆಂಡನ್ನು ಬೀಸಿ ಹೊಡೆಯುತ್ತಾನೆ. ನೋಡುವವರಿಗೆ ಅದೇ ಅನುಮಾನ.

1989ರ ಫ್ರೆಂಚ್ ಓಪನ್ ನೆನಪಿಸಿಕೊಳ್ಳಿ. 17 ವರ್ಷದ ಮೈಕೆಲ್ ಚಾಂಗ್ ಐದನೇ ಸೆಟ್‌ನಲ್ಲಿ ಸೆಳೆತದಿಂದ ಒದ್ದಾಡುತ್ತಾ ಕೈ ಕೆಳಗಿಂದ ಸರ್ವ್ ಮಾಡಿದರು. ಗಲಿಬಿಲಿಯಾಗಿದ್ದು ಎದುರಿಗಿದ್ದ ಇವಾನ್ ಲೆಂಡ್ಲ್‌ಗೆ! ಕೊನೆಗೆ ಮ್ಯಾಚ್ ಪಾಯಿಂಟ್‌ನಲ್ಲಿ ಲೆಂಡ್ಲ್ ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪು) ಮಾಡಿ ಸೋತರು. ಎದುರಾಳಿ ಕುಂಟುತ್ತಿದ್ದರೆ 'ಸುಮ್ನೆ ಚೆಂಡು ಒಳಗೆ ಹಾಕಿದರೆ ಸಾಕು' ಅನ್ನಿಸಿ ನಮ್ಮ ಆಟವೇ ಕೆಡುತ್ತದೆ.

ಕಾರಣ ಬರೀ ನೀರು, ಉಪ್ಪಿನ ಕೊರತೆ ಅಂದುಕೊಳ್ಳಬೇಡಿ. ದಣಿದ ಸ್ನಾಯುವಿಗೆ ನರಗಳಿಂದ ಹೋಗುವ ಸೂಚನೆ ಏರುಪೇರಾಗುವುದೂ ಒಂದು ಕಾರಣ ಎನ್ನುತ್ತಾರೆ. ಮನಸ್ಸಿನ ಒತ್ತಡವೂ ಸೇರಿಕೊಳ್ಳುತ್ತದೆ. 2023ರ ಫ್ರೆಂಚ್ ಓಪನ್ ಸೆಮಿಫೈನಲ್‌ನಲ್ಲಿ ಜೊಕೊವಿಚ್ ಎದುರು ಮೈ ಹಿಡಿದುಕೊಂಡಾಗ ಅಲ್ಕರಾಜ್ ದೂರಿದ್ದು ತಮ್ಮ ಟೆನ್ಷನ್ನನ್ನೇ. ಆಗ 20 ವರ್ಷ, ಒಳ್ಳೇ ಫಿಟ್ ಹುಡುಗ ಅಲ್ವಾ?

ಜಗಳಕ್ಕೆ ಅಸಲಿ ಕಾರಣ ನಿಯಮ. ಗಾಯಕ್ಕಾದರೆ ಮೂರು ನಿಮಿಷದ ಮೆಡಿಕಲ್ ಟೈಮ್‌ಔಟ್ ಇದೆ, ಸೆಳೆತಕ್ಕಿಲ್ಲ. ಅಂಕಣ ಬದಲಿಸುವ ಬಿಡುವಿನಲ್ಲಷ್ಟೇ ಉಪಚಾರ. ಆ ದಿನ ಅಲ್ಕರಾಜ್ ಅದಕ್ಕಾಗಿ ಒಂದು ಗೇಮನ್ನೇ ಬಿಟ್ಟುಕೊಡಬೇಕಾಯಿತು. ಆದರೆ ನೋವು ಸೆಳೆತದ್ದೋ ಗಾಯದ್ದೋ ಅನ್ನುವುದು ಆ ಗಳಿಗೆಯಲ್ಲಿ ಫಿಸಿಯೋಗೂ ಕೆಲವೊಮ್ಮೆ ತಿಳಿಯುವುದಿಲ್ಲ. ದುರುಪಯೋಗಕ್ಕೆ ಜಾಗ ಇರುವುದು ಅಲ್ಲೇ, ಕುಂಟುವುದರಲ್ಲಲ್ಲ.